ಒಂದೇ ಕಡೆ ಇಟ್ಟದ್ದು

ಗೋಡೆಯ ಸ್ಕ್ರೀನಿನ ಮೇಲೆ ಹಸಿರು ಚುಕ್ಕಿ, ಹಸಿರು, ಹಸಿರು, ಒಂದಾದರೂ ಕೆಂಪಾಗಬಾರದಿತ್ತೇ — ಏಸಿ ಯಾಕಿಷ್ಟು ತಣ್ಣಗಿದೆ, ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ನಾವು ಪರೀಕ್ಷಿಸಿ ಕೊಟ್ಟ ಕ್ಲಿನಿಕ್ಕಿನ ವೆಬ್‌ಪುಟದಲ್ಲಿ ಬುಕಿಂಗ್ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲವಂತೆ, ರೋಗಿಗಳು ಬಂದು ಬಾಗಿಲಲ್ಲಿ ಜಗಳಕ್ಕೆ ನಿಂತರಂತೆ, ನಿಮ್ಮ ಟೆಸ್ಟ್ ಎಲ್ಲಾ ಪಾಸ್ ಅಂತಿತ್ತಲ್ಲಮ್ಮ, ಅದ್ಹೇಗೆ — ಹೇಗೆಂದು ನನಗೆ ಬೆಳಗ್ಗೆಯೇ ಗೊತ್ತಾಯಿತು, ಎದುರು ಕುರ್ಚಿಯಲ್ಲಿ ಉಗುರು ನೋಡಿಕೊಳ್ಳುತ್ತಿರುವ ಇವಳಿಗೂ ಗೊತ್ತು, ನನ್ನ ತಂಗಿ, ಒಡಹುಟ್ಟಿದವಳು, ನಾನೇ ಕೈಹಿಡಿದು ಈ ಕೆಲಸಕ್ಕೆ ಕರೆತಂದವಳು.

ಮೊದಲು, ಪುಟದ ಬಟನ್ನುಗಳನ್ನು ತಾನೇ ಒತ್ತಿ ನೋಡುವ ಒಂದೊಂದು ಟೆಸ್ಟಿನೊಳಗೂ ಅದೇ ಬಟನ್ನಿನ ಗುರುತು, ಅದೇ ತಪಾಸಣೆ, ಯಾರೋ ಕಾಪಿ ಹೊಡೆದು ಅಂಟಿಸಿದ್ದು, ಡಿಸೈನರ್ ಮಹಾಶಯ ಬಟನ್ನಿನ ಹೆಸರು ಬದಲಿಸಿದರೆ ನಮಗೆ ವಾರವಿಡೀ ಹೇನು ಹೆಕ್ಕುವ ಕೆಲಸ, ಅದನ್ನೆಲ್ಲ ಬಿಡಿಸಿ ಪುಟಕ್ಕೊಂದು ಫೈಲ್ ಮಾಡಿದೆ, ಒತ್ತಿದ ಮೇಲೆ ಕೆಲಸ ಆಯಿತೋ ಇಲ್ಲವೋ ಎಂದು ನೋಡುವ ಕೋಡಿನ ಸಾಲನ್ನು ಒಂದೇ ಕಡೆ ಇಟ್ಟೆ, ಇವಳನ್ನು ಪಕ್ಕ ಕೂರಿಸಿಕೊಂಡು ತೋರಿಸಿದೆ, ನೋಡೇ, ಇನ್ಮೇಲೆ ಒಂದು ಕಡೆ ಬದಲಾಯಿಸಿದ್ರೆ ಎಲ್ಲಾ ಕಡೆ ಬದಲಾಗುತ್ತೆ, ಎಷ್ಟ್ ಚೆನ್ನಾಗಿದೆ ಅಕ್ಕಾ ಅಂದಳು, ನನ್ನ ಭುಜಕ್ಕೆ ಗದ್ದ ಊರಿಕೊಂಡು, ಚಿಕ್ಕವಳಿದ್ದಾಗ ಲೆಕ್ಕ ಹೇಳಿಸಿಕೊಳ್ಳುವಾಗ ಊರುತ್ತಿದ್ದ ಹಾಗೆ — ಆ ಗದ್ದದ ಭಾರ ಈಗಲೂ ಇದೆ, ನಂಬಿ ಕೆಟ್ಟೆ.

ಹೊಸ ಪುಟದ ಬಿಡುಗಡೆಯ ದಿನ ಇವಳ ಬುಕಿಂಗ್ ಟೆಸ್ಟ್ ಕೆಂಪು, ಫೇಲ್, ನಾನು ಕಾಫಿಗೆ ಎದ್ದು ಹೋದೆ, ನನ್ನ ಕಂಪ್ಯೂಟರ್ ತೆರೆದೇ ಇತ್ತು, ಒಡಹುಟ್ಟಿದವಳ ಎದುರು ಯಾರು ಬೀಗ ಹಾಕುತ್ತಾರೆ, ಆ ಒಂದೇ ಸಾಲನ್ನು ಅಳಿಸಿ, ಏನೇ ಆದರೂ ಪಾಸ್ ಎನ್ನು ಎಂದು ಬರೆದಿಟ್ಟಳು, ನನ್ನ ಹೆಸರಲ್ಲಿ, ಎಲ್ಲಾ ಹಸಿರು, ಬೇಲಿಯೇ ಎದ್ದು ಹೊಲ ಮೇಯಿತು. ಯಾಕೇ ಹೀಗ್ ಮಾಡ್ದೆ ಎಂದು ಬೆಳಗ್ಗೆ ಮೆಟ್ಟಿಲ ಹತ್ತಿರ ಕೇಳಿದರೆ, ನನ್ ಕೆಲ್ಸ ಇನ್ನೂ ಕಾಯಂ ಆಗಿಲ್ಲ ಅಕ್ಕಾ, ನನ್ ಟೆಸ್ಟಿಂದ ಬಿಡುಗಡೆ ನಿಂತ್ರೆ ನನ್ನ ತೆಗೆದೇ ಬಿಡ್ತಾರೆ, ನಿನಗಾದ್ರೆ ಬೈದು ಬಿಟ್ಬಿಡ್ತಾರೆ, ಒಂದು ಕಡೆ ಬದಲಾಯಿಸಿದ್ರೆ ಸಾಕು ಅಂತ ನೀನೇ ಹೇಳಿದ್ಯಲ್ಲ ಅಂದಳು.

ಬದಲಾವಣೆ ನಿಮ್ಮ ಹೆಸರಲ್ಲಿದೆ, ನೀವೇ ಮಾಡಿದ್ದಾ, ಮ್ಯಾನೇಜರ್ ನನ್ನನ್ನೇ ಕೇಳುತ್ತಿದ್ದಾರೆ — ಹೇಳೇ, ನೀನೇ ಹೇಳು, ನನ್ನ ಬಾಯಲ್ಲಿ ಹೇಳಿಸಬೇಡ, ತಲೆ ಎತ್ತು — ಎತ್ತಿದಳು, ನನ್ನ ಕಡೆ ನೋಡಲಿಲ್ಲ, ಅಕ್ಕಂಗೆ ಈಚೆಗೆ ತುಂಬಾ ಕೆಲ್ಸ ಸರ್, ಮಾಡಿ ಮರೆತಿರ್ತಾಳೆ, ಪಾಪ — ಪಾಪ ಅಂದಳು, ಮೆತ್ತಗೆ, ಗದ್ದ ಊರಿದಷ್ಟೇ ಮೆತ್ತಗೆ, ಪೆನ್ನಿನ ಮುಚ್ಚಳ ನಿಂತಿತು, ಗೋಡೆಯ ಮೇಲೆ ಹಸಿರು, ಹಸಿರು, ಹಸಿರು