ಎಡಕ್ಕೆ ವಾಲಿದ ಸ್ಟೂಲು

ನಾನು ಒಂದು ಸ್ಟೂಲು. ಮದ್ದೂರಿನ ಬಡಗಿಯೊಬ್ಬ ಒಂದೇ ವಾರದಲ್ಲಿ ನನ್ನಂಥ ನಲವತ್ತನ್ನು ಮಾಡಿದ. ಒರಗುವ ಬೆನ್ನನ್ನು ಒಂದಕ್ಕೂ ಕೊಡಲಿಲ್ಲ. ನಮ್ಮನ್ನು ಗಾರ್ಮೆಂಟ್ಸ್ ಕಾರ್ಖಾನೆಗೆ ತಂದು ಹೊಲಿಗೆ ಯಂತ್ರಗಳ ಮುಂದೆ ಸಾಲಾಗಿ ಇಟ್ಟರು.

ನನ್ನ ಮೇಲೆ ಹನ್ನೊಂದು ವರ್ಷ ಕೂತವಳು ಚಿಕ್ಕತಾಯಮ್ಮ. ಕಾಲರ್ ಹೊಲಿಯುವುದು ಅವಳ ಕೆಲಸ. ಬಟ್ಟೆ ತುಂಡುಗಳ ಬುಟ್ಟಿ ಎಡಗಡೆ, ನೆಲದ ಮೇಲೆ. ದಿನಕ್ಕೆ ಆರುನೂರು ಸಲ ಎಡಕ್ಕೆ ಬಾಗುತ್ತಿದ್ದಳು. ಅವಳ ಮುಖ ನಾನು ಸರಿಯಾಗಿ ಕಂಡದ್ದೇ ಇಲ್ಲ, ತೂಕವನ್ನಷ್ಟೇ ಬಲ್ಲೆ. ಮಧ್ಯಾಹ್ನ ಮೂರರ ಹೊತ್ತಿಗೆ ಅದೆಲ್ಲ ನನ್ನ ಎಡಗಾಲಿಗೆ ಇಳಿಯುತ್ತಿತ್ತು. ಕಾಲು ಸವೆಯಿತು.

ಒಂದು ದಿನ ಶ್ರಾವ್ಯ ಎಂಬ ಹುಡುಗಿ ಕ್ಯಾಮೆರಾ, ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು ಬಂದಳು. ಕೆಲಸಗಾರರು ಕೂರುವ ಭಂಗಿಗೆ ಅಂಕ ಹಾಕುತ್ತಾಳಂತೆ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಐದು ದಾಟಿದವರಿಗೆ ಒರಗುವ ಕುರ್ಚಿ. ಚಿಕ್ಕತಾಯಮ್ಮನಿಗೆ ಆ ಕುರ್ಚಿ ಬೇಕಿತ್ತು, ವಾರವಿಡೀ ಅದೇ ಮಾತು. ಆದರೆ ಫೋಟೊ ತೆಗೆಯುತ್ತಾರೆ ಎಂದು ಕೇಳಿ ಕನಕಾಂಬರ ಮುಡಿದು ಬಂದಳು. ಬುಟ್ಟಿಯನ್ನು ಯಂತ್ರದಡಿಗೆ ತಳ್ಳಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಏನಕ್ಕ, ಹೆಣ್ ನೋಡಕ್ ಬಂದವ್ರಾ?" ಪಕ್ಕದ ಯಂತ್ರದ ಮುಬೀನಾ ನಕ್ಕಳು.

"ಸುಮ್ನಿರೇ. ಪಟದಲ್ಲಿ ಗೂನಿ ಥರ ಕಾಣ್ಲಾ?"

ಶ್ರಾವ್ಯ ಕುತ್ತಿಗೆ ಅಳೆದಳು, ಬೆನ್ನು ಅಳೆದಳು. ಅಂಕ ಮೂರು. ಕುರ್ಚಿ ಬರಲಿಲ್ಲ.

"ನಾಕ್ ನಿಮ್ಷ ಮರ್ಯಾದೆಗೆ ಕೂತಿದ್ದೇ ತಪ್ಪಾಯ್ತು" ಎಂದು ಚಿಕ್ಕತಾಯಮ್ಮ ಬುಟ್ಟಿಯನ್ನು ಮತ್ತೆ ಎಡಕ್ಕೆ ಎಳೆದುಕೊಂಡಳು.

ಆಷಾಢದ ಒಂದು ಮಧ್ಯಾಹ್ನ ಬಾಗಿದವಳಿಗೆ ಏಳಲಾಗಲಿಲ್ಲ. ಇಬ್ಬರು ಅವಳನ್ನು ಬಾಗಿದ ಹಾಗೆಯೇ ಎತ್ತಿಕೊಂಡು ಹೋದರು. ಮತ್ತೆ ಅವಳು ಬರಲಿಲ್ಲ.

ಅವಳ ಜಾಗಕ್ಕೆ ಮುಬೀನಾಳನ್ನು ಕೂರಿಸಿದರು. ಅವಳು ಜಾಣೆ, ಬುಟ್ಟಿಯನ್ನು ಬಲಕ್ಕೆ, ಮೇಜಿನ ಮೇಲೆ ಇಟ್ಟುಕೊಂಡಳು. ಆದರೂ ಮಧ್ಯಾಹ್ನ ಮೂರಾದರೆ ಅವಳ ಎಡಭುಜ ತಾನಾಗಿ ಇಳಿಯುತ್ತಿತ್ತು. ಒಮ್ಮೆ ನನ್ನ ಹಲಗೆ ತಟ್ಟಿ ಅಂದಳು, "ಅಕ್ಕ ಇನ್ನೂ ಇಲ್ಲಿಂದ ಎದ್ದಿಲ್ಲ."

ಮರುವರ್ಷ ಶ್ರಾವ್ಯ ಮತ್ತೆ ಬಂದಳು. ಊಟದ ಬಿಡುವಿನಲ್ಲಿ ಕಾಗದ ತುಂಬಲು ನನ್ನ ಮೇಲೆ ಕೂತಳು. ಅವಳ ಭುಜವೂ ಇಳಿಯಿತು. ಥಟ್ಟನೆ ಎದ್ದು, ಮಂಡಿಯೂರಿ, ನನ್ನ ಸವೆದ ಕಾಲನ್ನು ಮುಟ್ಟಿ ನೋಡಿದಳು.

"ಇಲ್ಲಿ ಕೂರ್ತಿದ್ದೋರು ಹೂ ಮುಡೀತಿದ್ರಲ್ಲ?" ಎಂದು ಊಟ ಮುಗಿಸಿ ಬಂದ ಮುಬೀನಾಳನ್ನು ಕೇಳಿದಳು.

"ದಿನಾ ಅಲ್ಲ ಮೇಡಂ. ನೀವ್ ಬಂದಿದ್ ದಿನ."

ಶ್ರಾವ್ಯ ಖಾಲಿ ಹಲಗೆಗೆ ಪಟ್ಟಿ ಹಿಡಿದು ಕೋನ ಅಳೆದಳು. ಹಳೆಯ ಹಾಳೆಯಲ್ಲಿ ಚಿಕ್ಕತಾಯಮ್ಮನ ಹೆಸರು ಹುಡುಕಿ, ಮೂರನ್ನು ಹೊಡೆದು ಏಳು ಎಂದು ಬರೆದಳು.

ಕುರ್ಚಿಗಳು ಬಂದವು. ನಾನೀಗ ಕಾರ್ಖಾನೆಯ ತಾರಸಿಯ ಮೇಲೆ, ಮುರಿದ ಫ್ಯಾನುಗಳ ನಡುವೆ ಇದ್ದೇನೆ. ನನ್ನ ಮೇಲೆ ಯಾರೂ ಕೂರುವುದಿಲ್ಲ. ಆದರೂ ಮೂರಾದರೆ ತೂಕವೆಲ್ಲ ಎಡಗಾಲಿಗೆ ಇಳಿಯುತ್ತದೆ. ನಾನು ಅಲುಗಾಡದೆ ನಿಲ್ಲುತ್ತೇನೆ. ಅವಳು ಬುಟ್ಟಿಗೆ ಕೈ ಚಾಚುತ್ತಿದ್ದಾಳೆ.