ಡ್ರಮ್ಮಿನೊಳಗಿನ ಥಿನ್ನರ್

“ಕಣ್ಣು ಬಿಟ್ಟು ನೋಡೋ! ಶಾಲೆ ಬಾಗಿಲೆಲ್ಲ ಪಟ್ಟೆ ಪಟ್ಟೆ, ಹುಲಿ ಮೈ ಆದ ಹಾಗೆ ಆಗಿದೆ!” ಭಾವ ತಿಳಿನೀಲಿಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. “ಹದಿನೆಂಟು ವರ್ಷ ಅರೆದ ಕೈಯಂತೆ, ಕೈ! ನುಣ್ಣಗೆ ಅರೆದಿಲ್ಲ ನೀನು.”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಭಾವ.”

ಬಣ್ಣದಂಗಡಿ ಭಾವನದು, ಹಿಂದಿನ ಶೆಡ್ಡಿನಲ್ಲಿ ಅರೆದು ಕಲಸುವ ಕೆಲಸ ಅಕ್ಕನ ತಮ್ಮನಾದ ಇವನದು. ಹಾಳಾದ ಬಣ್ಣ ಹಾಳಾಗಿ ಹೋಗಲಿ. ತನ್ನ ಕೈಯಲ್ಲಿ ತಪ್ಪಿಲ್ಲ ಎಂದು ಅಕ್ಕ ಒಂದು ಮಾತು ಹೇಳಿದರೆ ಸಾಕಿತ್ತು ಅವನಿಗೆ. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು.

ಅವನು ಬಣ್ಣ ತೆಳುವಾಗಿಸುವ ಥಿನ್ನರ್ ಡ್ರಮ್ಮಿನ ಮುಚ್ಚಳ ತೆಗೆದು ಮೂಸಿದ. ಕಳೆದ ವಾರ ನೆಗಡಿಯಿಂದ ಮೂಗು ಕಟ್ಟಿತ್ತು. ಹಳೇ ಡ್ರಮ್ಮು ನೋಡಿ ನಂಬಿ ಸುರಿದಿದ್ದ.

“ಇದು ನಮ್ಮ ಥಿನ್ನರ್ ಅಲ್ಲ.”

“ಬೇರೆ ತಂದು ಅದಕ್ಕೇ ತುಂಬಿಸಿದೆ. ಏನೀಗ? ಹೇಗೂ ಆರಿಹೋಗೋ ವಸ್ತು!”

ಅವನು ಎರಡು ತಗಡು ತಂದ. ತಾನು ಅರೆದಿಟ್ಟಿದ್ದ ಅದೇ ಬಣ್ಣಕ್ಕೆ ಒಂದು ಕಡೆ ಶೀಸೆಯಲ್ಲಿ ಉಳಿದಿದ್ದ ಹಳೇ ಥಿನ್ನರ್, ಇನ್ನೊಂದು ಕಡೆ ಹೊಸದು ಕಲಸಿ ಬಳಿದ. ಅರ್ಧ ಆರಿದಾಗ ಎರಡನ್ನೂ ಬೆರಳಿನಿಂದ ಉಜ್ಜಿದ. ಹಳೆಯದರ ಬಣ್ಣ ಬದಲಾಗಲಿಲ್ಲ. ಹೊಸದರಲ್ಲಿ ಉಜ್ಜಿದಷ್ಟು ಜಾಗ ಗಾಢ ನೀಲಿಯಾಯಿತು.

“ನೋಡಕ್ಕ. ಬಣ್ಣದ ಕಣಕ್ಕೆ ರಾಳ ಅಂಟಿರುತ್ತೆ. ಒಳ್ಳೇ ಥಿನ್ನರಿನಲ್ಲಿ ಆ ರಾಳ ಕೂದಲು ಬಿಚ್ಚಿದ ಹಾಗೆ ಹರಡಿ, ಕಣಕ್ಕೆ ಕಣ ತಾಗದ ಹಾಗೆ ದೂರ ಇಡುತ್ತೆ. ಇದರಲ್ಲಿ ಮುದುಡಿಕೊಳ್ಳುತ್ತೆ. ಆಮೇಲೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗ್ತವೆ. ಬೆರಳು ಉಜ್ಜಿದ್ರೆ ಗಂಟು ಬಿಡುತ್ತೆ, ಬಣ್ಣ ಹೊರಗೆ ಬರುತ್ತೆ. ಶಾಲೆ ಬಾಗಿಲಲ್ಲಿ ಕುಂಚ ಎಳೆದ ಕಡೆ ಆಗಿದ್ದೂ ಇದೇ.”

“ಮೇಷ್ಟ್ರೇ, ಪಾಠ ಮುಗೀತಾ?” ಎಂದ ಭಾವ. ಆದರೆ ತಗಡಿನ ಕಡೆ ನೋಡಲಿಲ್ಲ.

ಇಬ್ಬರೂ ಅಕ್ಕನ ಮುಖ ನೋಡಿದರು. ಇಷ್ಟು ವರ್ಷ ಎಷ್ಟೋ ಸಲ ಹೊಡೆದಾಟಕ್ಕೆ ನಿಂತಿದ್ದರು. ಪ್ರತಿ ಸಲವೂ ಅವಳು ಇವನಿಗೊಂದು, ಅವನಿಗೊಂದು ಬೈದು ನಡುವೆ ನಿಲ್ಲುತ್ತಿದ್ದಳು. ಇವರೇನೂ ಬದಲಾಗಿರಲಿಲ್ಲ, ಅದೇ ಮೊಂಡರು. ಇಷ್ಟು ದಿನ ಇಬ್ಬರನ್ನೂ ತಡೆದದ್ದು ನಡುವೆ ನಿಂತ ಅವಳು. ಇವತ್ತು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಹೋಗ್ಲಿ ಬಿಡೋ, ಇನ್ನೊಂದು ಸಲ ಅರೆದುಕೊಡು” ಎಂದಳು.

“ಅರೆದದ್ದು ಸರಿಯಾಗೇ ಇತ್ತಕ್ಕ.”

ಅವಳು ಮೇಜಿನ ಮೇಲಿನ ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಅವನು ಕಲೆಗಟ್ಟಿದ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ. ಶೀಸೆಯ ಬಿರಡೆಯನ್ನು ಗಟ್ಟಿಯಾಗಿ ಒತ್ತಿದ. ಅದು ತೆರೆದಿದ್ದರೆ ಆರಿಹೋಗುತ್ತಿತ್ತು. ಬೀದಿಗಿಳಿದಾಗ ಹಿಂದಿನಿಂದ ಅಕ್ಕ ಕರೆದದ್ದು ಕೇಳಿಸಿತು, ಊಟ ಮಾಡಿ ಹೋಗೋ ಎಂದು. ಬೆರಳಿನ ನೀಲಿಯನ್ನು ಪ್ಯಾಂಟಿಗೆ ಒರೆಸುತ್ತ ತಿರುವಿನವರೆಗೂ ನಡೆದ. ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.