ಮಧ್ಯಾಹ್ನ ಹಿಡಿಯದ ಬ್ರೇಕು

"ಯಾರಪ್ಪಾ ದೂಡಾಕತ್ತೀರಿ ಇದನ್ನ?"

ಮಹಾದೇವಪ್ಪ ಹಾಗೆ ಕೇಳಿದಾಗ ಹಳ್ಳದಲ್ಲಿ ಯಾರೂ ಇರಲಿಲ್ಲ. ಕೆಲಸದವರೆಲ್ಲ ಬುತ್ತಿ ಬಿಚ್ಚಲು ದಂಡೆ ಹತ್ತಿ ಚಮನಬೀಯ ಚಹಾದ ಚಪ್ಪರಕ್ಕೆ ಹೋಗಿದ್ದರು. ತಲೆಯ ಮೇಲೆ ಕಾಲುವೆಯನ್ನು ಹೊತ್ತು ನಿಂತ ಕಂಬಗಳ ನೆರಳು ಸರಿದು ಸರಿದು ಬುಡಕ್ಕೆ ಬಂದು ಮುದುಡಿತ್ತು. ಇಳಿಜಾರಿನಲ್ಲಿ ನಿಲ್ಲಿಸಿದ ಬೂಮ್ ಗಾಡಿಯ ಎಂಜಿನ್ ಬಂದ್ ಆಗಿತ್ತು. ಆಳನ್ನು ಮೇಲಕ್ಕೆತ್ತುವ ಬುಟ್ಟಿ ಖಾಲಿ ಇತ್ತು. ಚಕ್ರಕ್ಕೂ ಅದರ ಮುಂದಿಟ್ಟ ಕಲ್ಲಿಗೂ ನಡುವೆ ಅವನು ಬೇಕೆಂದೇ ಒಂದು ಗೇಣು ಜಾಗ ಬಿಟ್ಟಿದ್ದ. ಈಗ ಆ ಗೇಣು ಇರಲಿಲ್ಲ. ಏಳು ಟನ್ನಿನ ಗಾಡಿ ಸದ್ದಿಲ್ಲದೆ ಬಂದು ಕಲ್ಲಿಗೆ ಆತು ನಿಂತಿತ್ತು.

ಇಪ್ಪತ್ತೆರಡು ದಿನಗಳ ಹಿಂದೆ ಇದೇ ಗಾಡಿ ಇದೇ ಹೊತ್ತಿನಲ್ಲಿ ಹೀಗೇ ಜಾರಿ, ಅದನ್ನು ನಡೆಸುತ್ತಿದ್ದ ಸೂಗಪ್ಪನನ್ನು ಕಂಬಕ್ಕೆ ಒತ್ತಿ ಕೊಂದಿತ್ತು. ಕಲ್ಲು ಇಡಲೆಂದು ಬಗ್ಗಿದ್ದನೋ, ಬೆವರು ಒರೆಸುತ್ತ ನಿಂತಿದ್ದನೋ, ಕಂಡವರಿಲ್ಲ. ಬ್ರೇಕು ಹಾಕದೆ ಇಳಿದ, ತಪ್ಪು ಅವನದೇ ಎಂದು ಸೂಪರ್‌ವೈಜರ್ ಯಂಕಣ್ಣ ಮೇಲಿನವರಿಗೆ ಕಾಗದ ಬರೆದು ಕಳಿಸಿದ.

ಕಡೇಚೂರಿನ ಯಾರ್ಡಿನಿಂದ ಗಾಡಿಯ ಜೊತೆಗೇ ಬಂದಿದ್ದ ಮಿಸ್ತ್ರಿ ಮಹಾದೇವಪ್ಪನಿಗೆ ಆ ಮಾತು ಗಂಟಲಲ್ಲಿ ಇಳಿದಿರಲಿಲ್ಲ. ಈ ಗಾಡಿಯಲ್ಲಿ ಬ್ರೇಕು ಹಾಕುವುದು ಎಂಬುದೇ ಇಲ್ಲ. ಚಕ್ರದೊಳಗಿನ ಸ್ಪ್ರಿಂಗು ಸದಾ ಬಿಗಿಹಿಡಿದೇ ಕೂತಿರುತ್ತದೆ. ಗಾಡಿ ನಡೆಸಲು ಲಿವರ್ ಒತ್ತಿದಾಗ ಎಣ್ಣೆ ನುಗ್ಗಿ ಬಂದು ಆ ಹಿಡಿತ ಬಿಡಿಸುತ್ತದೆ. ಲಿವರ್ ಬಿಟ್ಟರೆ ಎಣ್ಣೆ ಹಿಂದಿರುಗಿ, ಸ್ಪ್ರಿಂಗು ತಾನೇ ಮತ್ತೆ ಹಿಡಿಯುತ್ತದೆ. ಮನುಷ್ಯ ಮರೆತರೂ ಮರೆಯದ ಬ್ರೇಕು ಅದು.

ಆದರೆ ಆಳುಗಳಿಗೆ ಸ್ಪ್ರಿಂಗಿನ ಮಾತು ಬೇಕಿರಲಿಲ್ಲ. ಗಾಡಿ ಮಟಮಟ ಮಧ್ಯಾಹ್ನವೇ ಯಾಕೆ ಚಲಿಸುತ್ತದೆ? ಆಗಲೇ ಅದರ ಮೈಯಿಂದ ಒಂದು ಹುಳಿನಾತ ಯಾಕೆ ಏಳುತ್ತದೆ? ಸೂಗಪ್ಪನ ನಂತರ ಬಂದ ಇಬ್ಬರು ಆಪರೇಟರುಗಳು ಚೀಲ ಹೆಗಲಿಗೇರಿಸಿ ಸುರಪುರದ ಬಸ್ಸು ಹಿಡಿದಿದ್ದರು. ಸತ್ತವನು ಜಾಗ ಬಿಟ್ಟಿಲ್ಲ, ಮನೆಯವರು ಬಂದು ಹೆಸರು ಹಿಡಿದು ಕರೆದು, ಅವನು ಬಿದ್ದಲ್ಲಿನ ಮಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ತನಕ ಬುಟ್ಟಿ ಹತ್ತುವುದಿಲ್ಲ ಎಂದು ಉಳಿದವರು ಕೂತುಬಿಟ್ಟರು.

ಮಹಾದೇವಪ್ಪ ದಂಡೆ ಹತ್ತಿ ಬಂದಾಗ ಚಮನಬೀ ಚಹಾ ಸೋಸುತ್ತಿದ್ದಳು.

"ಏನ್ ಮಿಸ್ತ್ರಿ, ಸತ್ತವನ ಕೂಡ ಮಾತಾಡಿ ಬಂದೇನು? ಇದ್ದಾಗಂತೂ ನಿನ್ನ ಮಾತು ಕೇಳ್ತಿರಲಿಲ್ಲ ಅವ."

"ನಾನೇ ಅವನ ಮಾತು ಕೇಳಿಲ್ಲೇನೋ," ಎಂದ ಮಹಾದೇವಪ್ಪ. ಯಾಕೆ ಹಾಗಂದೆ ಎಂದು ಅವನಿಗೇ ತಿಳಿಯಲಿಲ್ಲ.

ಯಂಕಣ್ಣ ಬೀಡಿ ಆರಿಸಿದ. "ಸೂಗಪ್ಪನ ಹೇಣ್ತಿಗೆ ಹೇಳಿ ಕಳಿಸೀನಿ. ನಾಳಿ ಬರ್ತಾಳ. ಕರಕೊಂಡ್ ಹೋದ್ಲಂದ್ರ ಕೆಲಸ ಚಾಲೂ. ಕಾಲುವಿಗೆ ನೀರ್ ಬಿಡೂದ್ರಾಗ ಬಿರುಕು ಮುಚ್ಚಬೇಕು."

"ಕರಿಯೋದು ಆಮ್ಯಾಗ್ರಿ. ಮೊದ್ಲ ಅವನ ತಪ್ಪು ಹೌದೋ ಅಲ್ಲೋ ನೋಡ್ತೀನಿ."

"ಅವನ ತಪ್ಪು ಅಂತ ಬರದೇ ಬಿಟ್ಟದಲ್ಲ."

"ಬರದವ್ರು ನೀವೇ ಅಲ್ರಿ."

ಮಹಾದೇವಪ್ಪ ಮಾತು ಕಡಿಮೆಯವನು, ಕಿವಿ ಮಾತ್ರ ದೊಡ್ಡದು. ಅಬ್ಬೆತುಮಕೂರಿನ ಮಠದ ಕಟ್ಟೆಯ ಮೇಲೆ ಅಪ್ಪನ ತೊಡೆಗೆ ಒರಗಿ ಹಾಡಿಕೆ ಕೇಳುತ್ತ ಬೆಳೆದವನು. ಪದದಲ್ಲಿ ಒಂದು ಮಾತ್ರೆ ಜಾರಿದರೂ ಅಪ್ಪ ಕಣ್ಣು ತೆರೆಯುತ್ತಿದ್ದ. ಮಗನಿಗೂ ಅದೇ ಬಂದಿತ್ತು. ಯಂತ್ರವನ್ನೂ ಹಾಗೆಯೇ ಕೇಳುತ್ತಿದ್ದ.

ಮರುದಿನ ಬೆಳಗ್ಗೆ ಗಾಡಿಯನ್ನು ಇಳಿಜಾರಿಗೆ ತಂದು ಲಿವರ್ ಬಿಟ್ಟ. ಚಕ್ರದ ನಡುವಿನ ಗುಂಬದಲ್ಲಿ 'ಟಕ್' ಎಂದಿತು. ಸ್ಪ್ರಿಂಗು ಹಿಡಿದ ಸದ್ದು ಅದು. ಹತ್ತು ಸಲ ನಡೆಸಿದ, ಹತ್ತು ಸಲವೂ ಟಕ್. ಬ್ರೇಕಿನ ಪೈಪಿಗೆ ಒತ್ತಡ ತೋರಿಸುವ ಮೀಟರು ಸಿಕ್ಕಿಸಿದ. ಲಿವರ್ ಬಿಟ್ಟ ಕೂಡಲೇ ಮುಳ್ಳು ಸೊನ್ನೆಗೆ ಬೀಳುತ್ತಿತ್ತು. ಬಿಸಿಲು ನೆತ್ತಿಗೆ ಬಂದು, ಕೈಯಿಟ್ಟರೆ ಕಬ್ಬಿಣ ಸುಡುವಂತಾದಾಗ ಮತ್ತೆ ನಡೆಸಿ ಬಿಟ್ಟ. ಸದ್ದು ಬರಲಿಲ್ಲ. ಮುಳ್ಳು ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು. ಹಿಂದಿರುಗಬೇಕಾದ ಎಣ್ಣೆ ದಾರಿಯಲ್ಲೇ ಸಿಕ್ಕಿಕೊಂಡು ಬ್ರೇಕನ್ನು ತೆರೆದೇ ಹಿಡಿದಿತ್ತು. ಗಾಡಿ ಒಂದು ಬೆರಳು, ಮತ್ತೊಂದು ಬೆರಳು ಸರಿಯಿತು.

ಬ್ರೇಕಿರುವ ಎರಡೂ ಚಕ್ರಗಳಿಗೆ ಎಣ್ಣೆ ಬಿಡುವ ವಾಲ್ವು ಒಂದೇ. ಅದನ್ನು ಬಿಚ್ಚಿದ. ಒಳಗಿನ ಕಡ್ಡಿಗೆ ತುಕ್ಕು ಹಿಡಿದು ಕೆಂಪು ಕೆಸರು ಮೆತ್ತಿಕೊಂಡಿತ್ತು. ತಂಪಿನಲ್ಲಿ ಹೇಗೋ ಜಾರುತ್ತಿದ್ದ ಕಡ್ಡಿ ಕಾದಾಗ ಉಬ್ಬಿ ಕಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನದ ಗುಟ್ಟು ಇಷ್ಟೇ. ಸೂಗಪ್ಪನ ತಪ್ಪಿಲ್ಲ. ಮಹಾದೇವಪ್ಪನ ಎದೆ ಹಗುರಾಯಿತು.

ಆದರೆ ಎಣ್ಣೆಯೊಳಗೆ ತುಕ್ಕು ಎಲ್ಲಿಂದ? ನೀರು ಸೇರದೆ ತುಕ್ಕಿಲ್ಲ. ಟ್ಯಾಂಕಿನ ತಳದ ಎಣ್ಣೆಯನ್ನು ಬಾಟಲಿಗೆ ಇಳಿಸಿದ. ಮಜ್ಜಿಗೆಯಂತೆ ಬೆಳ್ಳಗಿತ್ತು. ಮೂಗಿನ ಹತ್ತಿರ ತಂದ. ಆಳುಗಳು ಹೆದರಿದ ಅದೇ ಹುಳಿನಾತ. ಮಳೆ ಬಿದ್ದು ಆರು ತಿಂಗಳಾಗಿತ್ತು. ಟ್ಯಾಂಕಿನ ಮುಚ್ಚಳ ನೋಡಲು ಗಾಡಿಯ ಮೇಲೆ ಹತ್ತಿದ. ಗಾಳಿಯಾಡಲು ತೂತು ಇರುವ ಮುಚ್ಚಳ ಅದು. ಅಂಚು ಸೀಳಿತ್ತು. ಸೀಳಿನ ಸುತ್ತ ಅರಿಶಿನ, ಕುಂಕುಮ, ವಿಭೂತಿ ಪದರು ಪದರಾಗಿ ಗಟ್ಟಿಯಾಗಿದ್ದವು. ಮುಚ್ಚಳ ತಿರುಗಿಸಿ ತೆಗೆದರೆ ಒಳಬದಿಗೆ ತೆಂಗಿನ ನಾರಿನ ಒಂದು ಎಳೆ ಅಂಟಿತ್ತು.

ಮಹಾದೇವಪ್ಪ ಕೂತಲ್ಲೇ ಕೂತ.

ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡುತ್ತಿದ್ದವನು ಅವನೇ. ಉಳಿದವರು ಚಕ್ರಕ್ಕೆ ಕಾಯಿ ಒಡೆದು ಮುಗಿಸುತ್ತಿದ್ದರು. ಅವನಿಗೆ ಅಷ್ಟು ಸಾಲದು. ಲಿಂಗಕ್ಕೆ ಎರೆದಂತೆ ನೆತ್ತಿಗೇ ಎರೆಯಬೇಕು ಎಂದು ಮೇಲೆ ಹತ್ತಿ, ಬಾಯಲ್ಲಿ ಅಪ್ಪನಿಂದ ಕಲಿತ ಪದ ಹೇಳುತ್ತ, ಒಂದು ತಂಬಿಗೆ ನೀರು, ಎರಡು ಎಳನೀರು ಆ ಮುಚ್ಚಳದ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತಿದ್ದ. ಪದ ಮುಗಿಯುವ ತನಕ ಧಾರೆ ತುಂಡಾಗಬಾರದು. ಹನ್ನೊಂದು ಅಮಾವಾಸ್ಯೆ ಹಾಗೆ ಎರೆದಿದ್ದ. ನೀರು ಸರ್ರನೆ ಇಂಗುವುದನ್ನು ಕಂಡು, ಒಪ್ಪಿಸಿಕೊಂಡಿತು ಎಂದು ಕೈ ಮುಗಿದಿದ್ದ.

ಆಗ ಸೂಗಪ್ಪನ ದನಿ ಕಿವಿಗೆ ಬಂತು. ಬಿಸಿಲಿನೊಳಗಿಂದ, ಕಂಬದ ಮಗ್ಗುಲಿಂದ, ಬದುಕಿದ್ದಾಗ ಆಡಿದಂತೆಯೇ.

"ಯಾಕೋ ನಿಂದ್ರಾಕ ಒಲ್ಲೆ ಅಂತದ ಕಾಕಾ. ಮಧ್ಯಾಹ್ನ ಒಂಚೂರು ಜಾರ್ತದ."

ಸಾಯುವ ಎರಡು ದಿನ ಮೊದಲು ಸೂಗಪ್ಪ ಹೇಳಿದ್ದ ಮಾತು. ಅದಕ್ಕೆ ತಾನು ಕೊಟ್ಟ ಉತ್ತರವೂ ನೆನಪಾಯಿತು: "ಅಮಾಸಿ ಬಂತಲ್ಲೋ, ಎರಿತೀನಿ. ಸುಮ್ಮಾಗ್ತದ." ಎರೆದಿದ್ದ. ಮರುದಿನ ಸೂಗಪ್ಪ ಸತ್ತ.

ದಂಡೆಯ ಮೇಲೆ ಜನ ಎದ್ದು ನಿಂತರು. ಸೂಗಪ್ಪನ ಹೆಂಡತಿ ಗುರುಲಿಂಗಮ್ಮ ಬಂದಿದ್ದಳು. ತಲೆಯ ಮೇಲೆ ಸೆರಗು, ಕಾಲಿಗೆ ಗಂಡನ ಹಳೆಯ ರಬ್ಬರ್ ಚಪ್ಪಲಿ. ಯಂಕಣ್ಣ ಅವಳನ್ನು ಕಂಬದ ಬುಡಕ್ಕೆ ಕರೆತಂದ.

"ಮೂರ್ ಸಲ ಹೆಸರು ಹಿಡದು ಕರಿಯವ್ವಾ. ಮಣ್ಣು ಕಟ್ಕೋ. ಮುಗೀತು."

ಅವಳು ಬಗ್ಗುವಷ್ಟರಲ್ಲಿ ಮಹಾದೇವಪ್ಪ ಬಾಟಲಿ ಹಿಡಿದು ಎದುರು ಬಂದ. ಯಂಕಣ್ಣ ಅವನ ಮುಖ ನೋಡಿ ರಟ್ಟೆ ಹಿಡಿದು ಕಿವಿಯಲ್ಲಿ ಅಂದ: "ವಾಲ್ವು ಕೆಟ್ಟಿತ್ತು ಅನ್ನು, ಸಾಕು. ನಿನ್ನ ಕೊಳ್ಳಿಗೆ ನೀನೇ ಉರುಲು ಹಾಕ್ಕೋಬ್ಯಾಡ."

ಮಹಾದೇವಪ್ಪ ಕೈ ಬಿಡಿಸಿಕೊಂಡ. ಬದುಕಿನಲ್ಲಿ ಮೊದಲ ಸಲ ಹತ್ತು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ. ಬ್ರೇಕು ಹೇಗೆ ಹಿಡಿಯುತ್ತದೆ, ಯಾಕೆ ಹಿಡಿಯಲಿಲ್ಲ, ನೀರು ಎಲ್ಲಿಂದ ಬಂತು, ಎರೆದವರು ಯಾರು, ಸೂಗಪ್ಪ ಏನು ಹೇಳಿದ್ದ, ತಾನು ಏನಂದೆ, ಒಂದನ್ನೂ ಬಿಡಲಿಲ್ಲ. ಬಾಟಲಿ ಕೈಯಿಂದ ಕೈಗೆ ಹೋಯಿತು. ಚಮನಬೀ ಮೂಸಿ ನೋಡಿ ಮುಖ ತಿರುಗಿಸಿದಳು.

ಗುರುಲಿಂಗಮ್ಮ ಬಾಟಲಿಯನ್ನು ತನ್ನ ಕೈಗೆ ತೆಗೆದುಕೊಂಡಳು. "ಊರಾಗ ಕುಡದಿದ್ದ ಅಂದ್ರು. ಮೈಮ್ಯಾಗ ಖಬರಿಲ್ಲದವ ಅಂದ್ರು. ನನ್ನ ಅತ್ತೀನೂ ನಂಬ್ಯಾಳ."

"ಅತ್ತಿ ಮುಂದೂ ಬಂದು ಹೇಳ್ತೀನಿ ತಂಗೆವ್ವ. ಕಾಗದಾ ತಿದ್ದಸ್ತೀನಿ. ಯಾರ ಮುಂದ ಅಂದ್ರ ಅವ್ರ ಮುಂದ."

"ಹೇಳಬೇಕು ಕಾಕಾ," ಎಂದಳು. ಯಂಕಣ್ಣನ ಕಡೆಗೆ ತಿರುಗಿ, "ಮತ್ತ ನಾ ಇಲ್ಲಿ ಯಾರನ್ನ ಕರೀಲ್ರಿ? ಅವ ಏನೂ ಮಾಡಿಲ್ಲಲ್ಲ."

ಆಳುಗಳು ಒಬ್ಬೊಬ್ಬರಾಗಿ ಗಾಡಿಯಿಂದ ದೂರ ಸರಿದರು. ಈಗ ಅವರ ಕಣ್ಣು ಗಾಡಿಯ ಮೇಲಲ್ಲ, ಮಹಾದೇವಪ್ಪನ ಮೇಲಿತ್ತು. ಅವನಿಗೆ ಆ ದನಿ ಇನ್ನೂ ಕೇಳುತ್ತಲೇ ಇತ್ತು. ವಾಲ್ವು ಬಿಚ್ಚಿಟ್ಟರೂ, ಎಣ್ಣೆ ಚೆಲ್ಲಿದರೂ, ಕಂಬದ ಮಗ್ಗುಲಲ್ಲಿ ಅದೇ 'ಕಾಕಾ'. ಅದು ಇನ್ನು ಹೋಗುವುದಿಲ್ಲ ಎಂದು ಅವನಿಗೆ ತಿಳಿಯಿತು. ಹಳ್ಳದ ಉಸುಕಿನಲ್ಲಿ ಕೂತು ಅವಳ ಪಾದದ ಹತ್ತಿರ ಕೈ ಚಾಚಿದ.

"ಒಂದ್ ಮಾತು ಅನ್ನವ್ವಾ. ಮಾಫ್ ಮಾಡೀನಿ ಅಂತ. ಒಂದೇ ಮಾತು."

ಗುರುಲಿಂಗಮ್ಮ ಪಾದ ಹಿಂದಕ್ಕೆ ತೆಗೆದುಕೊಂಡಳು.

"ಇಲ್ಲ ಕಾಕಾ. ನಾ ಅನ್ನಂಗಿಲ್ಲ."